ಗ್ರೀಸಿನ ಹೆಸರಿನ ಗುಡ್ಡ

ನಮ್ಮೂರ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಸೈಕಲ್ ಶಾಪ್ ಇತ್ತು. ಗಂಟೆ ಬಾಡಿಗೆಗೆ ಕೊಡುವ ಹತ್ತು ಹನ್ನೆರಡು ಸೈಕಲ್ಲುಗಳು, ಮಡ್‌ಗಾರ್ಡಿನ ಮೇಲೆ ಬಿಳಿ ಪೇಂಟಿನಲ್ಲಿ ಬರೆದ ನಂಬರು, ಪಂಕ್ಚರ್ ನೋಡುವ ಬಾಣಲೆಯಲ್ಲಿ ಸದಾ ಕಂದು ನೀರು. ಶಾಪಿನ ಸಾಬರಿಗೆ ವರ್ಷಕ್ಕೊಂದು ಸಲ, ದಸರೆ ರಜೆಗೆ ಮುಂಚೆ, ಅಷ್ಟೂ ಸೈಕಲ್ಲುಗಳ ಹಬ್ ಬಿಚ್ಚುವ ಪದ್ಧತಿ. ಕೋನ್ ಸಡಿಲಿಸಿ, ಅಕ್ಸಲ್ ಎಳೆದು, ಬಾಲ್ಸುಗಳನ್ನು ಸೀಮೆಎಣ್ಣೆ ಡಬ್ಬಿಗೆ ಸುರಿಯುತ್ತಿದ್ದರು. ಅವನ್ನು ತೊಳೆದು ಎಣಿಸಿ ಇಡುವುದು ನಮ್ಮಂಥ ಹುಡುಗರ ಕೆಲಸ; ಕೂಲಿ ಅರ್ಧ ಗಂಟೆಯ ಸೈಕಲ್ ಸವಾರಿ. “ಹಿಂದಿನ ಗಾಲಿಗೆ ಈ ಕಡೆ ಒಂಬತ್ತು, ಆ ಕಡೆ ಒಂಬತ್ತು. ಒಂದು ಕಮ್ಮಿ ಬಂದ್ರೂ ನಿನ್ನ ಚಡ್ಡಿ ಜೇಬು ಝಾಡಿಸ್ತೀನಿ ನೋಡು” ಅನ್ನುತ್ತಿದ್ದರು. ಆಮೇಲೆ ಹೊಸ ಗ್ರೀಸನ್ನು ಹೆಬ್ಬೆರಳಲ್ಲಿ ಒತ್ತಿ ತುಂಬಿ, ಬಾಲ್ಸುಗಳನ್ನು ಅದರಲ್ಲಿ ಒಂದೊಂದಾಗಿ ಕೂರಿಸುತ್ತಿದ್ದರು, ಒಬ್ಬಟ್ಟಿಗೆ ಹೂರಣ ತುಂಬುವಷ್ಟು ತಾಳ್ಮೆಯಿಂದ.

ಆ ಕೆಲಸದ ಹೆಸರನ್ನೇ ಹೊತ್ತ ಗುಡ್ಡವೊಂದು ಅಮೆರಿಕದಲ್ಲಿದೆ, ಇವತ್ತು ಲೋಕವೆಲ್ಲ ಆಡುವ ಒಂದು ಆಟ ಅಲ್ಲೇ ಬೆಳೆದದ್ದು ಎಂದು ನನಗೆ ತಿಳಿದದ್ದು ನಲವತ್ತು ವರ್ಷ ಕಳೆದ ಮೇಲೆ.

ಆಟ ಅಂದರೆ ಮೌಂಟನ್ ಬೈಕಿಂಗ್. ಕನ್ನಡದಲ್ಲಿ ಬೈಕ್ ಅಂದ ತಕ್ಷಣ ಪೆಟ್ರೋಲ್ ವಾಸನೆ ಬರುತ್ತದೆ, ಹಾಗಾಗಿ ನಾನು ಗುಡ್ಡದ ಸೈಕಲ್ ಅನ್ನುತ್ತೇನೆ. ಮಗಳು ಅಳಿಯ ಇರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಅಲ್ಲಿಗೆ ಹೋದ ಕನ್ನಡದ ತಂದೆತಾಯಿಯರ ದಿನಚರಿ ಎಲ್ಲರಿಗೂ ಗೊತ್ತಿದ್ದದ್ದೇ: ವಾರವಿಡೀ ಮೊಮ್ಮಗುವಿನ ಹಿಂದೆ ಓಡುವುದು, ಶನಿವಾರ ದೇವಸ್ಥಾನ, ಭಾನುವಾರ ಗೋಲ್ಡನ್ ಗೇಟ್. ಸೇತುವೆಯನ್ನು ಮೂರನೇ ಸಲ ತೋರಿಸಲು ಅಳಿಯನಿಗೇ ನಾಚಿಕೆಯಾಯಿತೋ ಏನೋ, “ಮಾವ, ಈ ಸಲ ಸೇತುವೆ ದಾಟಿ ಆಚೆ ಹೋಗೋಣ, ನಿಮಗೆ ಸೈಕಲ್ ಹುಚ್ಚಲ್ವಾ” ಅಂದ. ಸೇತುವೆ ದಾಟಿದರೆ ಮರಿನ್ ಕೌಂಟಿ. ಅಲ್ಲಿ ಸುಮಾರು 2,570 ಅಡಿ ಎತ್ತರದ ಟಮಲ್‌ಪಾಯಸ್ ಬೆಟ್ಟ. ಊರವರ ಬಾಯಲ್ಲಿ ಬರೀ ಟ್ಯಾಮ್. ಬೆಟ್ಟದ ಉತ್ತರದ ಮಗ್ಗುಲಿಗೆ ಫೇರ್‌ಫ್ಯಾಕ್ಸ್ ಎಂಬ ಪುಟ್ಟ ಊರು. ಅಲ್ಲೊಂದು ಸೈಕಲ್ ಮ್ಯೂಸಿಯಂ ಇದೆ. 2015ರಲ್ಲಿ ತೆರೆದದ್ದು.

ಎಪ್ಪತ್ತರ ದಶಕದ ಆರಂಭದಲ್ಲಿ ಇಲ್ಲಿನ ಕೆಲವು ಹುಡುಗರು ಗುಜರಿ ಸೈಕಲ್ ಹುಡುಕಿಕೊಂಡು ಹಳೇ ಸೈಕಲ್ ಅಂಗಡಿಗಳ ಹಿತ್ತಲು ಅಲೆಯುತ್ತಿದ್ದರು. ಅವರಲ್ಲಿ ಕೆಲವರು ರಸ್ತೆ ರೇಸಿನ ಪಟುಗಳು. ಕಿರುಬೆರಳಿನಲ್ಲಿ ಎತ್ತುವಂಥ ಹಗುರ ಸೈಕಲ್ ಇದ್ದವರು. ಆದರೆ ಕಲ್ಲು ಮಣ್ಣಿನ ಗುಡ್ಡ ಇಳಿಯಲು ಅದು ಸಾಲದು. ಅವರಿಗೆ ಬೇಕಾಗಿದ್ದದ್ದು ತಾತನ ಕಾಲದ ದಪ್ಪ ಟಯರಿನ ಸೈಕಲ್. 1933ರಲ್ಲಿ ಶ್ವಿನ್ ಕಂಪನಿ ಮಕ್ಕಳ ಸೈಕಲ್ಲಿಗೆ ಎರಡು ಇಂಚಿಗೂ ಮೀರಿದ ಅಗಲದ ಬಲೂನ್ ಟಯರು ಹಾಕಿತ್ತು. ನಮ್ಮ ಕರಿ ಸೈಕಲ್ಲಿನ ಟಯರು ಒಂದೂವರೆ ಇಂಚು, ಹೋಲಿಸಿ ನೋಡಿ. ಪೇಪರ್ ಹಾಕುವ ಹುಡುಗರು ತುಳಿದು ಬಿಸಾಡಿದ ಆ ಸೈಕಲ್ಲುಗಳು ಕೊಟ್ಟಿಗೆಗಳಲ್ಲಿ ಕೋಳಿಗಳಿಗೆ ಕೂರುವ ಗೂಟವಾಗಿದ್ದವು. ಈ ಹುಡುಗರಲ್ಲೊಬ್ಬರಾದ ಜೋ ಬ್ರೀಝ್ 1973ರಲ್ಲಿ ಒಂದು ಅಂಗಡಿಯಿಂದ 1941ರ ಸೈಕಲ್ಲೊಂದನ್ನು ತಂದದ್ದು ಐದು ಡಾಲರಿಗೆ. ಮಡ್‌ಗಾರ್ಡು, ಚೈನ್ ಕವರು, ಸ್ಟ್ಯಾಂಡು, ಬೇಡದ್ದೆಲ್ಲ ಕಿತ್ತು ಬಿಸಾಡಿ ಇವನ್ನು ‘ಕ್ಲಂಕರ್’ ಎಂದು ಕರೆದರು. ನಾವು ಲಟಾರಿ ಅನ್ನುತ್ತೇವಲ್ಲ, ಅದೇ.

ಈ ಲಟಾರಿಗಳಿಗೆ ಕೈ ಬ್ರೇಕ್ ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಹಬ್ಬಿನೊಳಗೇ ಬ್ರೇಕು ಹಿಡಿಯುವ ವ್ಯವಸ್ಥೆ. ಸಮತಟ್ಟು ಬೀದಿಯಲ್ಲಿ ಪೇಪರ್ ಹಾಕುವ ಹುಡುಗನಿಗೆ ಅಷ್ಟು ಸಾಕಿತ್ತು. ಇವರು ಇಳಿಸಿದ್ದು ಫೇರ್‌ಫ್ಯಾಕ್ಸ್ ಪಶ್ಚಿಮದ ಕ್ಯಾಸ್ಕೇಡ್ ಕಣಿವೆಯ ಮಣ್ಣುದಾರಿಯಲ್ಲಿ: ಎರಡು ಮೈಲಿ ಚಿಲ್ಲರೆಯಲ್ಲಿ 1,300 ಅಡಿ ಇಳಿಜಾರು. ಕೆಳಗೆ ಮುಟ್ಟುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗಿರುತ್ತಿತ್ತು. ಮತ್ತೆ ಇಳಿಯಬೇಕಾದರೆ ಹಬ್ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಆ ತುಂಬುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ರೀಪ್ಯಾಕ್ ಅನ್ನುತ್ತಾರೆ. ದಾರಿಗೂ ಅದೇ ಹೆಸರು ಅಂಟಿತು. ಮ್ಯೂಸಿಯಂನಲ್ಲಿ ಇದನ್ನು ಓದಿ ನಾನು ಒಬ್ಬನೇ ನಕ್ಕದ್ದನ್ನು ನೋಡಿ ಅಳಿಯ ಗಾಬರಿಯಾದ. ಒಂದು ಮಹಾನ್ ಕ್ರೀಡೆಯ ಮೂಲಸ್ಥಳ, ಅದಕ್ಕೆ ವೀರರ ಹೆಸರಿಲ್ಲ, ಗೆದ್ದವರ ಹೆಸರಿಲ್ಲ. ನಮ್ಮ ಸಾಬರ ದಸರೆ ಕೆಲಸದ ಹೆಸರಿದೆ!

ಅಲ್ಲಿ ಮೊದಲ ರೇಸು ನಡೆದದ್ದು 1976ರ ಅಕ್ಟೋಬರ್ 21ರಂದು. ಇದೇ ಗುಂಪಿನ ಅಲನ್ ಬಾಂಡ್ಸ್ ಗೆದ್ದರು. ಆವತ್ತು ಬೀಳದೆ ಇಳಿದವರು ಅವರೊಬ್ಬರೇ ಎಂಬ ಮಾತಿದೆ. ಚಾರ್ಲಿ ಕೆಲ್ಲಿ ಗಡಿಯಾರ ಹಿಡಿದು ಒಬ್ಬೊಬ್ಬರನ್ನೇ ಬಿಡುತ್ತಿದ್ದರು. 1984ರ ತನಕ ಒಟ್ಟು 24 ರೇಸುಗಳು ನಡೆದವು, ಗ್ಯಾರಿ ಫಿಶರ್ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದೇ ದಾಖಲೆ. ಜೋ ಬ್ರೀಝ್ ಎರಡೇ ಸೆಕೆಂಡು ಹಿಂದೆ. ಆದರೆ ಹತ್ತು ಸಲ ಗೆದ್ದವರು ಅವರು.

ಈ ಕಥೆಯಲ್ಲಿ ನಮ್ಮವರಿಗೆ ಹತ್ತಿರದ ಊರೊಂದು ಬರುತ್ತದೆ. ಕೂಪರ್ಟಿನೊ. ನನ್ನ ಅಳಿಯ ದಿನಾ ಆಫೀಸಿಗೆ ಹೋಗುವ ಊರು, ಯುಗಾದಿಗೆ ಬೇವಿನ ಹೂ ಎಲ್ಲಿ ಸಿಗುತ್ತದೆಂದು ಕನ್ನಡದವರು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಊರು. 1974ರ ಡಿಸೆಂಬರ್ ಒಂದರಂದು ಮರಿನ್‌ನ ಮಿಲ್ ವ್ಯಾಲಿಯಲ್ಲಿ ಒಂದು ಕೆಸರುಗದ್ದೆ ಸೈಕಲ್ ರೇಸು ನಡೆಯಿತು. ಕೂಪರ್ಟಿನೊದಿಂದ ಬಂದ ಒಂದಷ್ಟು ಹುಡುಗರ ಲಟಾರಿಗಳಿಗೆ ಗೇರುಗಳಿದ್ದವು. ಹ್ಯಾಂಡಲ್ ಮೇಲೇ ಹೆಬ್ಬೆರಳಲ್ಲಿ ತಳ್ಳುವ ಗೇರು. ಮರಿನ್ ಹುಡುಗರು ಬಾಯಿ ಬಿಟ್ಟುಕೊಂಡು ನೋಡಿದರು. ಅಲ್ಲಿಯ ತನಕ ಇವರು ಗುಡ್ಡದ ತುದಿಗೆ ಸೈಕಲ್ಲನ್ನು ತಳ್ಳಿಕೊಂಡೋ ಟ್ರಕ್ಕಿನಲ್ಲಿ ಹೇರಿಕೊಂಡೋ ಹೋಗುತ್ತಿದ್ದರು. ಗೇರು ಇದ್ದರೆ ಹತ್ತಲೂಬಹುದು! ಇಳಿಯುವ ಮೋಜು ಹತ್ತಿ ಇಳಿಯುವ ಆಟವಾದದ್ದು ಇಲ್ಲಿಂದ. ಕೂಪರ್ಟಿನೊದವರ ತಂಡದ ಹೆಸರು ಮಾರೊ ಡರ್ಟ್ ಕ್ಲಬ್. ಮಾರೊ ಅಂದರೆ? ಅದೂ ಒಂದು ಹಳೆಯ ಹಬ್ಬಿನ ಹೆಸರೇ. ಇದಾದ ಮೇಲೆ ಅವರ ಸುದ್ದಿ ಹೆಚ್ಚು ಕೇಳಿಬರಲಿಲ್ಲ. ಮುಂದೆ ಆ ಊರು ಬೇರೊಂದು ಕಾರಣಕ್ಕೆ ಹೆಸರಾಯಿತು.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಅದು ವ್ಯಾಪಾರದ ಕಥೆ. 1977ರಲ್ಲಿ ಬ್ರೀಝ್ ಗುಡ್ಡಕ್ಕೆಂದೇ ಹೊಸ ಫ್ರೇಮು ಕಟ್ಟಿದರು. ಅದು ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂನಲ್ಲಿದೆ. 1979ರಲ್ಲಿ ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನು ಫಿಶರ್ ಮತ್ತು ಕೆಲ್ಲಿ ‘ಮೌಂಟನ್ ಬೈಕ್ಸ್’ ಅಂತ ಹೆಸರಿಟ್ಟು ಮಾರಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿ ತಂದ ಸ್ಟಂಪ್‌ಜಂಪರ್ ಅಂಗಡಿ ಅಂಗಡಿಗೆ ಹೋಯಿತು. 1996ರಲ್ಲಿ ಒಲಿಂಪಿಕ್ಸ್. ನಮ್ಮಲ್ಲಿ ತೊಂಬತ್ತರ ದಶಕದ ಹುಡುಗರು ಅಪ್ಪನಿಗೆ ದುಂಬಾಲು ಬಿದ್ದು ತೆಗೆಸಿಕೊಂಡ ನೇರ ಹ್ಯಾಂಡಲ್ಲಿನ, ದಪ್ಪ ಟಯರಿನ ರೇಂಜರ್ ಸೈಕಲ್ಲು ಇದೇ ವಂಶದ ಕುಡಿ. ಹಾಸನದ ಟ್ಯೂಷನ್ ಮನೆ ಮುಂದೆ ಸಾಲಾಗಿ ನಿಂತಿದ್ದ ಆ ಸೈಕಲ್ಲುಗಳು ಗುಡ್ಡ ಕಾಣಲೇ ಇಲ್ಲ, ಅದು ಬೇರೆ ಮಾತು.

ಸೈಕಲ್ಲು ಹೀಗೆ ಲೋಕಕ್ಕೆಲ್ಲ ಹೋಯಿತು. ದಾರಿ ಮಾತ್ರ ಅಲ್ಲೇ ಉಳಿಯಿತು. ಸೈಕಲ್ಲಿನಷ್ಟೇ ದಾರಿಯೂ ಸವೆಯುತ್ತದೆ, ಅದಕ್ಕೂ ಬಿಚ್ಚಿ ಜೋಡಿಸುವ ಕೈ ಬೇಕು ಎನ್ನುವುದು ಹೊಳೆದದ್ದು ತಡವಾಗಿ.

ಮ್ಯೂಸಿಯಂ ನೋಡಿದ ಮೇಲೆ ಅಳಿಯ ಊರಾಚೆಯ ಗುಡ್ಡವೊಂದಕ್ಕೆ ಕರೆದುಕೊಂಡು ಹೋದ. ಹಿಂದಿನ ದಿನ ಮಳೆಯಾಗಿತ್ತು. ಹೆಲ್ಮೆಟ್ ಹಾಕಿದ ಹದಿನೈದು ಇಪ್ಪತ್ತು ಮಂದಿ ಕಾಲುದಾರಿಯ ಉದ್ದಕ್ಕೂ ಬಾಗಿ ಮಣ್ಣು ಕೆರೆಯುತ್ತಿದ್ದರು. ಯಾರದೋ ಶ್ರಮದಾನ ಅಂದುಕೊಂಡೆ. ಶ್ರಮದಾನವೇ, ಆದರೆ ಸೈಕಲ್ ತುಳಿಯುವವರದ್ದು. ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬರ ಕೈಯಲ್ಲಿ ವಿಚಿತ್ರ ಸಾಮಾನು: ಉದ್ದ ಕಾವು, ತುದಿಯ ಒಂದು ಕಡೆ ಅಗಲ ಗುದ್ದಲಿ, ಇನ್ನೊಂದು ಕಡೆ ಹುಲ್ಲು ಬಾಚುವ ಹಲ್ಲುಗಳು. ಕೇಳಿದೆ. ಮೆಕ್ಲೌಡ್ ಅಂದರು. ಪಕ್ಕದವರದ್ದು ಪುಲಾಸ್ಕಿ: ಒಂದು ಬಾಯಿ ಕೊಡಲಿ, ಇನ್ನೊಂದು ಬಾಯಿ ಗುದ್ದಲಿ. ಎರಡೂ ಕಾಳ್ಗಿಚ್ಚು ತಡೆಯಲು ಅಮೆರಿಕದ ಅರಣ್ಯ ಇಲಾಖೆಯವರು ರೂಢಿಗೆ ತಂದ ಸಾಮಾನುಗಳು, ಇಬ್ಬರು ರೇಂಜರುಗಳ ಹೆಸರು. 1910ರ ಮಹಾ ಕಾಳ್ಗಿಚ್ಚಿನಲ್ಲಿ ಎಡ್ ಪುಲಾಸ್ಕಿ ತನ್ನ ಆಳುಗಳನ್ನು ಒಂದು ಗಣಿ ಸುರಂಗಕ್ಕೆ ನುಗ್ಗಿಸಿ, ಬಾಯಲ್ಲಿ ನಿಂತು, ಹೆಚ್ಚಿನವರನ್ನು ಉಳಿಸಿಕೊಂಡವನು. ರೀಪ್ಯಾಕ್ ದಾರಿ ಕೂಡ ಬೆಂಕಿ ನಂದಿಸುವ ಗಾಡಿ ಓಡಾಡಲೆಂದು ಕಡಿದದ್ದೇ. ನಮ್ಮ ಕಾಡಿನವರು ಬೆಂಕಿ ರೇಖೆ ಎಳೆಯುತ್ತಾರಲ್ಲ, ಹಾಗೆ. ಬೆಂಕಿಗಾಗಿ ಕಡಿದ ದಾರಿಯಲ್ಲಿ ಆಟ ಹುಟ್ಟಿತು, ಬೆಂಕಿಗಾಗಿ ಮಾಡಿದ ಗುದ್ದಲಿಯಿಂದ ಅದರ ದಾರಿ ಉಳಿಯುತ್ತಿದೆ. ಆದರೆ ದಾರಿಯ ಶತ್ರು ಬೆಂಕಿಯಲ್ಲ. ನೀರು.

ಇದನ್ನು ಆ ಹೆಂಗಸು ವಿವರಿಸುತ್ತಿದ್ದಾಗ ನನಗೆ ಅಪ್ಪನ ಅಡಿಕೆ ತೋಟವೇ ಕಣ್ಣ ಮುಂದೆ ಬಂತು. ಮಲೆನಾಡಿನಲ್ಲಿ ತೋಟ ಅಂದರೆ ಅರ್ಧ ಕೆಲಸ ಬಸಿಗಾಲುವೆಯದ್ದು. ನೀರಿಗೆ ಎಲ್ಲಿ ಹೋಗಬೇಕೋ ಅಲ್ಲಿಗೆ ದಾರಿ ತೋರಿಸದಿದ್ದರೆ ಅದು ತನ್ನ ದಾರಿ ತಾನೇ ನೋಡಿಕೊಳ್ಳುತ್ತದೆ, ಹೋಗುವಾಗ ಮಣ್ಣನ್ನೂ ಕರೆದುಕೊಂಡು ಹೋಗುತ್ತದೆ. ಗುಡ್ಡದ ದಾರಿಯ ಲೆಕ್ಕವೂ ಇಷ್ಟೇ. ಗುಡ್ಡದ ನೆತ್ತಿಯಿಂದ ನೆಟ್ಟಗೆ ಕೆಳಕ್ಕೆ ದಾರಿ ಮಾಡಿದರೆ ಅದು ಮೊದಲ ಮಳೆಗಾಲದಲ್ಲಿ ಕಾಲುವೆ, ಮೂರನೆಯದರಲ್ಲಿ ಹಳ್ಳ. ಅದಕ್ಕೇ ದಾರಿಯನ್ನು ಗುಡ್ಡದ ಬಗಲಿಗೆ ಅಡ್ಡಡ್ಡ ಒಯ್ಯಬೇಕು. ಎಷ್ಟು ಅಡ್ಡ? ಅವರಲ್ಲಿ ಅರ್ಧದ ನಿಯಮ ಅಂತಿದೆ. ಗುಡ್ಡ ನೂರು ಅಡಿಗೆ ಇಪ್ಪತ್ತು ಅಡಿ ಇಳಿಯುತ್ತಿದ್ದರೆ ದಾರಿ ಹತ್ತು ಅಡಿಗಿಂತ ಹೆಚ್ಚು ಇಳಿಯಬಾರದು. ಹೆಚ್ಚಾದರೆ ನೀರು ದಾರಿಯನ್ನು ದಾಟಿ ಹೋಗುವುದಿಲ್ಲ, ದಾರಿಯನ್ನೇ ಹಿಡಿದು ಓಡುತ್ತದೆ. ಗುಡ್ಡ ಎಷ್ಟೇ ಕಡಿದಾಗಿರಲಿ, ಒಟ್ಟು ದಾರಿಯ ಸರಾಸರಿ ಇಳಿಜಾರು ನೂರಕ್ಕೆ ಹತ್ತನ್ನು ಮೀರದಿದ್ದರೆ ಒಳ್ಳೆಯದು. ರೀಪ್ಯಾಕ್‌ನದ್ದು ಸರಾಸರಿ ಹನ್ನೊಂದಕ್ಕೂ ಮೇಲೆ, ನಡುನಡುವೆ ಅದಕ್ಕಿಂತ ಬಹಳ ಕಡಿದು. ಆ ಲೆಕ್ಕದಲ್ಲಿ ಈ ಆಟದ ತೊಟ್ಟಿಲಾದ ದಾರಿಯೇ ಫೇಲು.

ಎರಡನೆಯದು ವಾಟ. ಬಚ್ಚಲಿಗೆ ಮೇಸ್ತ್ರಿ ವಾಟ ಕೊಡುವ ಹಾಗೆ ದಾರಿಯ ಹೊರ ಅಂಚು ಒಳ ಅಂಚಿಗಿಂತ ತುಸು ತಗ್ಗಿರಬೇಕು. ಮೇಲಿಂದ ಬಂದ ನೀರು ಚಾಪೆ ಹಾಸಿದ ಹಾಗೆ ತೆಳ್ಳಗೆ ದಾಟಿ ಆಚೆ ಬೀಳಬೇಕು. ಆದರೆ ಟಯರುಗಳು, ಬೂಟುಗಳು, ಕುದುರೆ ಗೊರಸುಗಳು ತುಳಿದು ತುಳಿದು ದಾರಿಯ ನಡುಭಾಗ ತಗ್ಗಾಗುತ್ತದೆ, ಹೊರ ಅಂಚಿನಲ್ಲಿ ಮಣ್ಣಿನ ಏರಿ ಏಳುತ್ತದೆ. ಆ ಏರಿಯನ್ನು ಕೆರೆದು ತೆಗೆಯುವುದೇ ಆವತ್ತಿನ ಶ್ರಮದಾನದ ಮುಕ್ಕಾಲು ಕೆಲಸ. ಮೂರನೆಯದು ಇಳಿಯುವ ದಾರಿಯನ್ನು ಅಲ್ಲಲ್ಲಿ ನಾಲ್ಕು ಹೆಜ್ಜೆ ಮೇಲಕ್ಕೇರಿಸಿ ಮತ್ತೆ ಇಳಿಸುವುದು. ಆ ಏರಿಳಿತದ ತಳದಲ್ಲಿ ನೀರು ಸೋತು ಹೊರಗೆ ಹೋಗುತ್ತದೆ. ತುಳಿಯುವವರಿಗೆ ಅದು ತೊಟ್ಟಿಲು ತೂಗಿದ ಹಾಗೆ ಮಜಾ ಕೊಡುತ್ತದೆ. ಇರುವುದು ಮಜಾಕ್ಕಲ್ಲ, ನೀರಿಗೆ.

“ಕೆಸರು ಕಂಡರೆ ಏನು ಮಾಡ್ತೀರಿ?” ಎಂದು ಆಕೆ ನನ್ನನ್ನೇ ಕೇಳಿದರು. ಪಕ್ಕಕ್ಕೆ ಸರಿದು ಹೋಗ್ತೀನಿ ಅಂದೆ. ತಲೆಯಾಡಿಸಿದರು, ತಪ್ಪು ಉತ್ತರ. ಎಲ್ಲರೂ ಪಕ್ಕಕ್ಕೆ ಸರಿದರೆ ಒಂದಡಿಯ ದಾರಿ ಹತ್ತಡಿಯಾಗುತ್ತದೆ, ಹುಲ್ಲು ಸಾಯುತ್ತದೆ, ಕೆಸರು ಬೆಳೆಯುತ್ತದೆ. ನಡುವೆಯೇ ಹೋಗಿ, ಇಲ್ಲವೇ ಆವತ್ತು ಮನೆಯಲ್ಲಿರಿ. ದಾರಿ ಕಡಿಯುವ, ತಿದ್ದುವ ಕೆಲಸಕ್ಕೆ ಮಳೆಯ ಮರುದಿನವೇ ಒಳ್ಳೆಯದು: ಮಣ್ಣು ಹದವಾಗಿರುತ್ತದೆ, ತಟ್ಟಿದರೆ ಕೂರುತ್ತದೆ. ತುಳಿಯಲು ಅದೇ ದಿನ ಕೆಟ್ಟದ್ದು. ಹೀಗಾಗಿ ಅಲ್ಲಿ ಸೈಕಲ್ ಹುಚ್ಚಿನವರು ಸೈಕಲ್ ಮುಟ್ಟಬಾರದ ದಿನ ಗುದ್ದಲಿ ಹಿಡಿಯುತ್ತಾರೆ.

ಇಷ್ಟು ಕೇಳಿ ಇವರೆಲ್ಲ ಋಷಿಗಳು ಅಂದುಕೊಳ್ಳಬೇಡಿ. ಎಂಬತ್ತರ ದಶಕದಲ್ಲಿ ಇವರ ಹೆಸರು ಕೇಳಿದರೆ ಬೆಟ್ಟಕ್ಕೆ ನಡೆದು ಬರುವವರು ಉರಿದು ಬೀಳುತ್ತಿದ್ದರು. ತಪ್ಪಿಲ್ಲ. ಹಕ್ಕಿ ನೋಡುತ್ತ ನಿಂತವರ ಬೆನ್ನಿಗೆ ಇದ್ದಕ್ಕಿದ್ದಂತೆ ಸೈಕಲ್ಲು ನುಗ್ಗಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಟ್ಯಾಮ್ ಬೆಟ್ಟದ ಬಹುಭಾಗ ಊರಿಗೆ ಕುಡಿಯುವ ನೀರು ಕೊಡುವ ಸಂಸ್ಥೆಯ ಕೈಯಲ್ಲಿದೆ. ಅಲ್ಲಿ ಕೊಚ್ಚಿಹೋದ ಮಣ್ಣು ಸೇರುವುದು ಜಲಾಶಯಕ್ಕೆ, ಸಾಲ್ಮನ್ ಮೀನು ಮೊಟ್ಟೆಯಿಡುವ ತೊರೆಗೆ. ಹಾಗಾಗಿ ಸೈಕಲ್ಲುಗಳನ್ನು ಅಗಲದ ಬೆಂಕಿ ದಾರಿಗಳಿಗೆ ಮಾತ್ರ ಬಿಟ್ಟು, ಕಿರಿದಾದ ಕಾಲುದಾರಿಗಳಿಂದ ಹೊರಗಿಟ್ಟರು. ಗಂಟೆಗೆ 15 ಮೈಲಿಯ ಮಿತಿ, ಕಣ್ಣಿಗೆ ಕಾಣದ ತಿರುವಿನಲ್ಲಿ 5. ರೇಂಜರುಗಳು ಪೊದೆಯ ಪಕ್ಕ ರೇಡಾರ್ ಗನ್ ಹಿಡಿದು ನಿಂತು ಸೈಕಲ್ಲಿಗೆ ದಂಡ ಹಾಕತೊಡಗಿದರು. ಆಟ ಹುಟ್ಟಿದ ಬೆಟ್ಟದಲ್ಲೇ ಆಟಕ್ಕೆ ಬಾಗಿಲು ಮುಚ್ಚಿತು. ಕೆಲವರು ರೊಚ್ಚಿಗೆದ್ದು ಕಳ್ಳತನದಲ್ಲಿ ದಾರಿ ಕಡಿದು ಹೆಸರು ಇನ್ನಷ್ಟು ಕೆಡಿಸಿಕೊಂಡರು.

ಗುದ್ದಲಿ ಬಂದದ್ದು ಈ ಇಕ್ಕಟ್ಟಿನಿಂದ. 1988ರಲ್ಲಿ ಕ್ಯಾಲಿಫೋರ್ನಿಯಾದ ಐದು ಸೈಕಲ್ ತಂಡಗಳು ಸೇರಿ ಇಂಬಾ ಎಂಬ ಸಂಘ ಕಟ್ಟಿದವು. ನಡೆಯುವವರಿಗೆ ದಾರಿ ಬಿಡಿ, ಮುಚ್ಚಿದ ದಾರಿಗೆ ಹೋಗಬೇಡಿ, ಹೆಚ್ಚು ಸದ್ದಿಲ್ಲದೆ ಪ್ರಾಣಿಗಳಿಗೆ ತೊಂದರೆಯಾಗದಂತೆ ಹೋಗಿ ಎಂಬ ಸಾದಾ ನಿಯಮಗಳನ್ನು ಹರಡಿದವು. ಮೇಲೆ ಹೇಳಿದ ಅರ್ಧದ ನಿಯಮ, ವಾಟದ ಲೆಕ್ಕಗಳನ್ನು ಊರೂರಿನ ತಂಡಗಳಿಗೆ ಕಲಿಸಿದ್ದೂ ಈ ಸಂಘವೇ. ಫೇರ್‌ಫ್ಯಾಕ್ಸ್ ಬಳಿಯ ಟಮರಾಂಚೊ ಎಂಬ ಸ್ಕೌಟ್ ಶಿಬಿರದ ಜಾಗದಲ್ಲಿ ಸೈಕಲ್ಲಿನವರು ಪಾಸಿಗೆ ದುಡ್ಡು ಕೊಡುತ್ತಾರೆ, ಕಾಲುದಾರಿಗಳನ್ನು ತಾವೇ ನೋಡಿಕೊಳ್ಳುತ್ತಾರೆ. ಹುಡುಗರ ಶಿಬಿರವೂ ನಡೆಯುತ್ತದೆ, ಸೈಕಲ್ಲೂ ಓಡುತ್ತದೆ. ಒಳ್ಳೆಯತನದಿಂದಲೇ ಇದೆಲ್ಲ ಆಯಿತು ಅಂತ ನನಗನಿಸುವುದಿಲ್ಲ. ಹೊರಗೆ ಹಾಕಿಸಿಕೊಂಡವರು ಒಳಗೆ ಬರಲು ಹುಡುಕಿದ ಬಾಗಿಲು ಅದು. ಇರಲಿ, ಹೇಗಾದರೂ ಏರಿಯ ಮಣ್ಣು ಕೆರೆದರಲ್ಲ.

ನಮ್ಮಲ್ಲಿ? ಬೆಂಗಳೂರಿನಲ್ಲಿರುವ ಅಣ್ಣನ ಮಗ ಭಾನುವಾರ ನಸುಕಿಗೆ ತುರಹಳ್ಳಿ ಕಾಡಿಗೆ ಹೋಗುವ ಗುಂಪಿನವನು. ಕನಕಪುರ ರಸ್ತೆಯ ಆಸುಪಾಸಿನ ಅಪಾರ್ಟ್‌ಮೆಂಟುಗಳ ನಡುವೆ ಉಳಿದ ಆ ತುಣುಕು ಕಾಡು, ಅದರ ಬಂಡೆಗಳು ನಗರದ ಎಷ್ಟೋ ಜನಕ್ಕೆ ಕೈಗೆಟುಕುವ ಏಕೈಕ ಗುಡ್ಡ. 2021ರ ಆರಂಭದಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ ನಡೆಯುವವರು, ಹಕ್ಕಿ ನೋಡುವವರು, ಸೈಕಲ್ಲಿನವರು ಒಟ್ಟಾಗಿ ಎದ್ದು ನಿಂತರು. ಸರ್ಕಾರ ಹಿಂದೆ ಸರಿಯಿತು. ಪಾರ್ಕು ಬೇಡ ಅನ್ನಲು ಒಂದಾಗಬಹುದು. ಆದರೆ ಜೂನ್ ಮಳೆಗೆ ಕೊರೆದುಹೋಗುವ ಜಾಡನ್ನು ತಿದ್ದಲು? ಗುದ್ದಲಿ ಹಿಡಿದು ಒಳಗೆ ಹೋಗುವ ಹಾಗಿಲ್ಲ, ಕಾಡಿನ ನೆಲ ಅಗೆಯುವುದು ನಮ್ಮ 1963ರ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆ ಇರಲೇಬೇಕು, ಇಲ್ಲದಿದ್ದರೆ ತುರಹಳ್ಳಿಯಲ್ಲಿ ಇಷ್ಟರಲ್ಲಿ ಸೈಟು ಬೀಳುತ್ತಿತ್ತು. ಆದರೆ ಇಲಾಖೆಯ ಗಾರ್ಡ್ ಒಬ್ಬರ ಕಣ್ಣೆದುರಿಗೆ ವರ್ಷಕ್ಕೆರಡು ದಿನ ಹೊರ ಅಂಚಿನ ಏರಿ ಕೆರೆದರೆ ಕಾಡಿಗೇನೂ ನಷ್ಟವಿಲ್ಲ. ಹುಡುಗನಿಗೆ ಅಷ್ಟು ಹೇಳಿದ್ದೇನೆ, ಜೊತೆಗೆ ಕೆಸರಿನ ಪಾಠವನ್ನೂ. ಒಂದು ಅರ್ಜಿ ಬರೀರಿ ಅಂದೆ. “ಚಿಕ್ಕಪ್ಪ, ಅರ್ಜಿ ಯಾರಿಗೆ ಬರೀಬೇಕು ಅಂತಲೇ ಇನ್ನೂ ಗೊತ್ತಾಗಿಲ್ಲ” ಅಂದ.

ಹೋದ ದೀಪಾವಳಿಗೆ ಅವನು ತನ್ನ ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಊರಿಗೆ ಬಂದಿದ್ದ. ನನ್ನ ಮೊದಲ ಸ್ಕೂಟರಿನ ನಾಲ್ಕು ಪಟ್ಟು ಬೆಲೆ. ಹಿಂದಿನ ಗಾಲಿ ಗೊರಗೊರ ಅನ್ನುತ್ತಿತ್ತು. ಬಸ್ ಸ್ಟ್ಯಾಂಡ್ ಪಕ್ಕದ ಶಾಪು ಈಗಲೂ ಇದೆ. ಸಾಬರಿಲ್ಲ, ಅವರ ಮಗ ಇದ್ದಾನೆ. ಬಾಡಿಗೆ ಸೈಕಲ್ಲಿನ ಕಾಲ ಹೋಯಿತು. 2006ರಿಂದೀಚೆಗೆ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳ ರಿಪೇರಿಯೇ ಎಷ್ಟೋ ವರ್ಷ ಅವನ ಅನ್ನ. ಗಾಲಿ ಬಿಚ್ಚಿ ತಿರುಗಿಸಿ, ಅಕ್ಸಲ್ ತುದಿಗೆ ಕಿವಿ ಕೊಟ್ಟು ಕೇಳಿದ. ಕೋನು ಹುಡುಕಿದ, ಸಿಗಲಿಲ್ಲ.

“ಇದರ ಬಾಲ್ಸು ಎಲ್ಲಪ್ಪ?”

“ಅಣ್ಣ, ಅದು ಸೀಲ್ಡ್ ಬೇರಿಂಗು. ಬಿಚ್ಚೋ ಹಾಗಿಲ್ಲ. ಹಾಳಾದ್ರೆ ಹೊಸದು ಹಾಕಬೇಕು, ಬೆಂಗಳೂರಲ್ಲೇ ಹಾಕಿಸ್ತೀನಿ ಬಿಡಿ.”

ಅವನು ಏನೂ ಹೇಳಲಿಲ್ಲ. ಅಂಗಿಯ ಜೇಬಿಗೆ ಚುಚ್ಚಿದ್ದ ಸೇಫ್ಟಿ ಪಿನ್ ತೆಗೆದು ನೆಟ್ಟಗೆ ಮಾಡಿ, ಬೇರಿಂಗಿನ ಅಂಚಿಗೆ ತೂರಿಸಿ ಮೆಲ್ಲಗೆ ಮೀಟಿದ. ಕಪ್ಪು ರಬ್ಬರಿನ ಮುಚ್ಚಳ ತಟಕ್ಕನೆ ಎದ್ದಿತು. ಒಳಗೆ ಬಾಲ್ಸುಗಳು, ಒಣಗಿದ ಕೆಸರಿನ ಬಣ್ಣದಲ್ಲಿ. ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ, ಡೀಸೆಲ್ಲಿನಲ್ಲಿ ತೊಳೆದ. ಆಮೇಲೆ ಗ್ರೀಸಿನ ಡಬ್ಬಿಗೆ ಹೆಬ್ಬೆರಳು ಅದ್ದಿದ.